ಇನ್ನೂ ಅಭ್ಯಾಸವಾಗದ ಕನ್ನಡಕ

ಹೋದ ಸೋಮವಾರ ಬೆಳಿಗ್ಗೆ ಚಂದ್ರಾ ಲೇಔಟಿನ ದರ್ಶಿನಿಯೊಂದರಲ್ಲಿ, ಕಾಫಿ ಲೋಟ ಹಿಡಿದು ಹೊರಗಿನ ಮೇಜಿನತ್ತ ಹೊರಟ ನಾನು ಇಲ್ಲದ ಮೆಟ್ಟಿಲೊಂದನ್ನು ಹತ್ತಿದೆ. ಮೆಟ್ಟಿಲು ಕಂಡಿತು, ಕಾಲೆತ್ತಿದೆ, ಊರಿದೆ. ಕೆಳಗೆ ಸಪಾಟು ನೆಲ. ಕಾಫಿಯ ಮುಕ್ಕಾಲು ಪಾಲು ಲೋಟದಲ್ಲೇ ಉಳಿದದ್ದು ದೈವಕೃಪೆ. ಮಿಕ್ಕ ಕಾಲು ಪಾಲು ನನ್ನ ಷರಟಿಗೂ ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದ ಡೆಲಿವರಿ ಯುವಕನ ಬೂಟಿಗೂ ಸಮನಾಗಿ ಸಂದಾಯವಾಯಿತು.

"ಪರ್ವಾಗಿಲ್ಲ ಬಿಡಿ ಅಂಕಲ್," ಎಂದ ಅವನು ನನ್ನ ಮುಖ ನೋಡಿ. "ಹೊಸಾ ಕನ್ನಡಕಾನಾ? ನಮ್ಮಪ್ಪನೂ ಹಿಂಗೇ ನಡೀತಿದ್ರು, ಕೊಕ್ಕರೆ ಥರ."

"ಹೌದಪ್ಪ, ಇನ್ನೂ ಅಭ್ಯಾಸ ಆಗಿಲ್ಲ," ಎಂದೆ. ಮಾತು ಆಡಿದವನು ನಾನು. ಕೇಳಿಸಿದ ದನಿ ನನ್ನ ತಂದೆಯದು.

ಕನ್ನಡಕಕ್ಕೆ ಆಗ ಇಪ್ಪತ್ತಮೂರು ದಿನ ವಯಸ್ಸು. ಮೇಲುಗಡೆ ದೂರಕ್ಕೆ, ನಡುವೆ ಎದುರಿಗಿರುವವರ ಮುಖಕ್ಕೆ, ಕೆಳಗೆ ಓದುವುದಕ್ಕೆ, ಹೀಗೆ ಒಂದೇ ಗಾಜಿನಲ್ಲಿ ಮೂರು ಇಲಾಖೆಗಳು. ಯಾವಾಗ ಯಾವ ಇಲಾಖೆಗೆ ಅರ್ಜಿ ಹಾಕಬೇಕೆಂಬುದು ಕುತ್ತಿಗೆಗೆ ತಿಳಿದಿರಬೇಕು. ನನ್ನ ಕುತ್ತಿಗೆಗೆ ಆಡಳಿತದ ಅನುಭವವಿಲ್ಲ. ಮಾರೇನಹಳ್ಳಿಯ ಕನ್ನಡಕದಂಗಡಿಯವರು ಗದಗದ ಕಡೆಯವರು, ಸಮಾಧಾನದ ಮನುಷ್ಯ. "ಎಂಟ್ ದಿನಾ ನೆಲಾ ತೇಲಿದಂಗ ಆಗ್ತೈತ್ರಿ ಸರ. ಆಮ್ಯಾಲ ರೂಢಿ ಆಗ್ತೈತಿ. ತೆಗೀಬ್ಯಾಡ್ರಿ ಮಾತ್ರ," ಎಂದಿದ್ದರು. ನಾನು ತೆಗೆಯಲಿಲ್ಲ. ಒಂದು ದಿನ ಸ್ನಾನಕ್ಕೂ ಹಾಕಿಕೊಂಡೇ ಹೋದೆ. ಎಂಟು ದಿನ ಹದಿನೈದಾಯಿತು, ನೆಲ ತೇಲುವುದು ನಿಲ್ಲಲಿಲ್ಲ. ಮತ್ತೆ ಹೋದೆ. ಅವರು ಗಾಜಿನ ಮೇಲೆ ಚುಕ್ಕೆಯಿಟ್ಟು ಅಳೆದರು, ಕಿವಿಯ ಕಡ್ಡಿ ಬಗ್ಗಿಸಿದರು, ಕೊನೆಗೆ ಮುಖ ಗಂಭೀರ ಮಾಡಿಕೊಂಡರು.

"ಚಷ್ಮಾ ಬರೋಬ್ಬರಿ ಐತ್ರಿ ಸರ. ಒಮ್ಮೆ ಡಾಕ್ಟರ್‌ಗೆ ಕಣ್ಣು ತೋರಿಸ್ರಲ್ಲ. ಮನ್ಯಾಗ ಯಾರಿಗರ ಕಣ್ಣಿನ ತ್ರಾಸ ಇತ್ತೇನ್ರಿ?"

"ಯಾರಿಗೂ ಇಲ್ಲ," ಎಂದೆ. ಅಷ್ಟು ಚುರುಕಾಗಿ ನಾನು ಯಾವ ಪ್ರಶ್ನೆಗೂ ಉತ್ತರ ಕೊಟ್ಟವನಲ್ಲ. ಅದು ಸುಳ್ಳು. ಯಾಕೆ ಹೇಳಿದೆ ಎಂಬುದಕ್ಕೆ ನೀವು ನನ್ನ ಜೊತೆ ಹಳೆಯ ರಾಜಾಜಿನಗರದವರೆಗೂ ಬರಬೇಕು.

ಅಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ತಂದೆಯನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಕಾರ್ಖಾನೆಯೊಂದರಲ್ಲಿ, ತಯಾರಾದ ಸಾಮಾನಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಕಂಡುಹಿಡಿಯುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಬೆಳಿಗ್ಗೆ ಏಳಕ್ಕೆ ರೇಡಿಯೊ ವಾರ್ತೆ, ಅದು ಮುಗಿದೊಡನೆ ವರಾಂಡದ ಕುರ್ಚಿಯಲ್ಲಿ ಪತ್ರಿಕೆ. ಪತ್ರಿಕೆಯನ್ನು ಮನಸ್ಸಿನೊಳಗೇ ಓದಿಕೊಳ್ಳುವುದು ಸ್ವಾರ್ಥವೆಂಬುದು ಅವರ ಸಿದ್ಧಾಂತ. ತಲೆಬರಹಗಳನ್ನು ಅವರು ಗಟ್ಟಿಯಾಗಿ ಓದಬೇಕು, ಒಳಗೆ ಅಮ್ಮ ಹುರುಳಿಕಾಯಿ ಮುರಿಯುತ್ತಾ ಕೇಳಬೇಕು, ನಡುನಡುವೆ ಇಬ್ಬರೂ ಸೇರಿ ಮಂತ್ರಿಗಳನ್ನು ಬೈಯಬೇಕು. ಪ್ರಜಾಪ್ರಭುತ್ವ ನಮ್ಮ ಮನೆಯಲ್ಲಿ ದಿನಾ ಅರ್ಧ ಗಂಟೆ ನಡೆಯುತ್ತಿತ್ತು.

ನಾನು ಕಾಲೇಜು ಮುಗಿಸಿದ ವರ್ಷ ಅಣ್ಣನಿಗೆ ಹೊಸ ಕನ್ನಡಕ ಬಂತು. ಅಂದಿನಿಂದ ಅವರು ಹೊಸ್ತಿಲ ಹತ್ತಿರ ತಡೆದು ನಿಲ್ಲುವುದು, ಊಟಕ್ಕೆ ಕೂತಾಗ ತಟ್ಟೆಯ ಅಂಚನ್ನು ಮುಟ್ಟಿ ನೋಡಿ ಕೈಯಿಡುವುದು ಶುರುವಾಯಿತು. ಕೇಳಿದರೆ ಒಂದೇ ಉತ್ತರ: "ಇನ್ನೂ ಅಭ್ಯಾಸ ಆಗಿಲ್ಲ ಕಣೋ." ಯುಗಾದಿ ಹೋಗಿ ಗಣಪತಿ ಹಬ್ಬ ಬಂದರೂ ಅಭ್ಯಾಸ ಆಗಲಿಲ್ಲ. "ಆ ಕನ್ನಡಕಾನೂ ನಿಮ್ಮ ಥರಾನೇ ಅಣ್ಣ, ಯಾರ್ ಜೊತೇನೂ ಹೊಂದ್ಕೊಳಲ್ಲ," ಎಂದು ನಾನು ರೇಗಿಸಿದ್ದೆ. ಅವರೂ ನಕ್ಕಿದ್ದರು. ಪತ್ರಿಕೆ ಓದುವುದಂತೂ ಒಂದು ದಿನವೂ ತಪ್ಪಿರಲಿಲ್ಲ. ನಮಗೆ ಅದೇ ಧೈರ್ಯ.

ಆಮೇಲೆ ಆಯುಧಪೂಜೆಯ ಮರುದಿನ ಬಂತು. ಹಬ್ಬಕ್ಕೆ ಪತ್ರಿಕೆಯವರಿಗೂ ರಜೆ, ಮರುದಿನ ಪೇಪರ್ ಬರುವುದಿಲ್ಲ. ನಿಮಗೆ ಗೊತ್ತಿರುವ ಸಂಗತಿಯೇ. ನಾನು ಸೈಕಲ್ಲಿನಿಂದ ಹಿಂದಿನ ದಿನದ ಬಾಡಿದ ಹಾರ ಬಿಚ್ಚುತ್ತಿದ್ದೆ. ರೇಡಿಯೊ ವಾರ್ತೆ ಮುಗಿಯಿತು. ಅಣ್ಣ ಕುರ್ಚಿಯ ಪಕ್ಕ ಕೈಯಾಡಿಸಿ, ಅಲ್ಲಿದ್ದ ಪತ್ರಿಕೆ ಎತ್ತಿಕೊಂಡು, ಕೊಡವಿ ಬಿಡಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದರು: "ಕರಾವಳಿಯಲ್ಲಿ ಭಾರಿ ಮಳೆ. ಎರಡು ಸೇತುವೆ ಕುಸಿತ."

"ಅಣ್ಣ, ಇವತ್ತು ಪೇಪರೇ..." ಎಂದು ತಿರುಗಿದವನು ಅಲ್ಲೇ ನಿಂತೆ. ಅವರ ಕೈಯಲ್ಲಿದ್ದದ್ದು ನಿನ್ನೆಯ ಪತ್ರಿಕೆ. ಅದರಲ್ಲಿ ಮಳೆಯೂ ಇಲ್ಲ, ಸೇತುವೆಯೂ ಇಲ್ಲ. ಎರಡೂ ಐದು ನಿಮಿಷದ ಹಿಂದೆ ರೇಡಿಯೊದಲ್ಲಿ ಬಂದಿದ್ದವು. ಅಷ್ಟು ತಿಂಗಳಿಂದ ಅವರು ಓದುತ್ತಲೇ ಇರಲಿಲ್ಲ, ಕೇಳಿದ್ದನ್ನು ಒಪ್ಪಿಸುತ್ತಿದ್ದರು.

ಅಡುಗೆಮನೆಯ ಬಾಗಿಲಿಗೆ ಅಮ್ಮ ಬಂದು ನಿಂತಿದ್ದಳು. ಪೇಪರಿಲ್ಲದ ದಿನವೆಂದು ಅವಳಿಗೂ ಗೊತ್ತು. ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿದಳು. "ಆಮೇಲೇನಂತೆ ರೀ? ಓದಿ, ಕೇಳ್ತಾ ಇದೀನಿ," ಎಂದಳು. ಅಣ್ಣ ಪುಟ ತಿರುಗಿಸಿದರು.

ಅವರ ಮರ್ಯಾದೆಗೆ ಅಂಜಿ ನಾವಿಬ್ಬರೂ ಇನ್ನೂ ಮೂರು ತಿಂಗಳು ಸುಮ್ಮನಿದ್ದೆವು. ಡಾಕ್ಟರ ಬಳಿ ಹೋಗುವಷ್ಟರಲ್ಲಿ ಕಣ್ಣಿನೊಳಗಿನ ಒತ್ತಡ ನರವನ್ನು ತಿಂದುಹಾಕಿತ್ತು. "ಮೊದಲೇ ಬಂದಿದ್ರೆ ಉಳಿಸ್ಕೋಬಹುದಿತ್ತು. ಹೋಗಿದ್ದು ವಾಪಸ್ ಬರಲ್ಲ," ಎಂದರು ಡಾಕ್ಟರು. "ಇದು ಮಕ್ಕಳಿಗೂ ಬರಬಹುದು, ಹುಷಾರಾಗಿರಿ," ಎಂದು ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡಿದೆ.

ದರ್ಶಿನಿಯಿಂದ ಮನೆಗೆ ಬಂದಾಗ ನನ್ನ ಹೆಂಡತಿ ಜಯ ಷರಟಿನ ಕಲೆ ನೋಡಿದಳು. "ಮತ್ತೆ ಎಡವಿದ್ರಾ?"

"ಅಭ್ಯಾಸ..."

"ನಿಮ್ಮ ಅಭ್ಯಾಸಕ್ಕಿಷ್ಟು ಬೆಂಕಿ ಹಾಕ! ಇಷ್ಟು ದಿನಕ್ಕೆ ಹಸುಗೂಸೂ ಅಮ್ಮನ್ನ ಗುರುತು ಹಿಡಿಯತ್ತೆ ರೀ. ಮಾವನೋರ ವಿಷ್ಯ ನಂಗೊತ್ತಿಲ್ಲ ಅಂದ್ಕೊಂಡ್ರಾ? ಅತ್ತೆ ಕೊನೇವರ್ಗೂ ಅದೊಂದನ್ನೇ ಹೇಳ್ಕೊಂಡು ಅತ್ರು, ಆವತ್ತು ನಾನು ಸುಮ್ನಿರಬಾರ್ದಿತ್ತು ಅಂತ. ನಾನು ಸುಮ್ನಿರೋಳಲ್ಲ. ಗುರುವಾರ ಹೋಗ್ತಾ ಇದೀವಿ."

ಗುರುವಾರ ಆಸ್ಪತ್ರೆಯಲ್ಲಿ ನನ್ನ ಗಲ್ಲವನ್ನು ಯಂತ್ರವೊಂದರ ಮೇಲಿಟ್ಟು, ಒಂದು ಕಣ್ಣು ಮುಚ್ಚಿ, ಕೈಗೆ ಗುಂಡಿ ಕೊಟ್ಟರು. ಎದುರಿಗೆ ಬೋಗುಣಿಯಂಥ ಬಿಳಿ ಗುಮ್ಮಟ. ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತಮುತ್ತ ಎಲ್ಲಾದರೂ ಬೆಳಕಿನ ಚುಕ್ಕೆ ಮಿನುಗಿದರೆ ಗುಂಡಿ ಒತ್ತಬೇಕು. ಮಿನುಗಿತು, ಒತ್ತಿದೆ. ಮತ್ತೆ ಮಿನುಗಿತು, ಒತ್ತಿದೆ. ಸ್ವಲ್ಪ ಹೊತ್ತು ಏನೂ ಬಾರದೆ ಹೋದರೆ ಅನುಮಾನ ಶುರುವಾಗುವುದು: ಬಂದಿರಬೇಕು, ನನಗೇ ಕಾಣಲಿಲ್ಲ, ಯಾವುದಕ್ಕೂ ಒತ್ತಿಬಿಡುವುದು ಕ್ಷೇಮ. ಮೊದಲ ದರ್ಜೆಗೆ ಕೂತ ವಿದ್ಯಾರ್ಥಿಯಂತೆ ಎಡೆಬಿಡದೆ ಒತ್ತಿದೆ.

ಪರೀಕ್ಷೆ ನಡೆಸುತ್ತಿದ್ದ ಹೆಂಗಸು ಯಂತ್ರ ನಿಲ್ಲಿಸಿದರು. "ಸಾರ್, ಲೈಟೇ ಬರದೆ ಇದ್ದಾಗ್ಲೂ ಒತ್ತುತಾ ಇದೀರಲ್ಲ."

"ಬಂದ ಹಾಗಾಯ್ತಮ್ಮ."

"ಬಂದ ಹಾಗಾದ್ರೆ ಬೇಡ, ಕಂಡ್ರೆ ಮಾತ್ರ. ಮಿಷಿನ್ ಕಂಡ್ಹಿಡಿಯತ್ತೆ ಸಾರ್. ಕಾಣ್ದಿದ್ರೆ ತಪ್ಪೇನಿಲ್ಲ, ಸುಮ್ನೆ ಕೂತಿರಿ. ಎಲ್ಲಿ ಕಾಣಲ್ಲ ಅಂತ ತಿಳ್ಕೊಳೋಕೇ ತಾನೇ ಇದು? ಮೊದ್ಲಿಂದ ಮಾಡೋಣ್ವಾ?"

ಮತ್ತೆ ಗಲ್ಲ ಇಟ್ಟೆ. ಎಡಕ್ಕೊಂದು ಚುಕ್ಕೆ, ಒತ್ತಿದೆ. ಕೆಳಗೊಂದು, ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹೆಬ್ಬೆರಳು ತಾನಾಗಿ ಮಿಸುಕುತ್ತಿತ್ತು. ಅದನ್ನು ಗುಂಡಿಯಿಂದ ದೂರ ಹಿಡಿದುಕೊಂಡು, ಕಾಣದ್ದನ್ನು ಕಾಣದೆ ಕೂತೆ.

ಬಲಗಣ್ಣಿನ ಒಂದು ಮೂಲೆ ಹೋಗಿದೆಯಂತೆ. ದಿನಕ್ಕೆರಡು ಸಲ ಹನಿ ಹಾಕಿಕೊಂಡರೆ ಉಳಿದದ್ದು ಉಳಿಯಬಹುದಂತೆ. 'ಬಹುದು' ಎಂಬ ಪದವನ್ನು ಡಾಕ್ಟರು ಬಹಳ ಮೃದುವಾಗಿ ಹೇಳಿದರು. ಇವತ್ತು ಬೆಳಿಗ್ಗೆ ಹನಿ ಹಾಕಿಸಿಕೊಂಡು, ಕಣ್ಣು ಮುಚ್ಚಿಕೊಂಡೇ ಕೆಂಗೇರಿ ಉಪನಗರದಲ್ಲಿರುವ ಮಗಳಿಗೆ ಫೋನ್ ಮಾಡಿದೆ. ತಾತನಿಗಿತ್ತು, ನನಗೂ ಬಂದಿದೆ, ನೀನೂ ಒಮ್ಮೆ ತೋರಿಸಿಕೊಂಡು ಬಾ ಎಂದೆ.

"ನಂಗೆ ಕನ್ನಡಕಾನೇ ಇಲ್ವಲ್ಲಪ್ಪ."

"ಇಲ್ದಿದ್ರೂ ಹೋಗಮ್ಮ."

"ಅಪ್ಪ, ನಿಂಗೆ ಭಯ ಆಗ್ತಿದ್ಯಾ?"

ಏನಾದರೂ ತಮಾಷೆ ಹೇಳೋಣವೆಂದು ಬಾಯಿ ತೆರೆದೆ.

"ಆಗ್ತಾ ಇದೆ ಕಣಮ್ಮ," ಎಂದೆ.