ಮೂರು ಸಲ ಕೂಗ್ತಾರ ಅಂದ ಗಾಳೆಪ್ಪ

ಡಂಬಳದಿಂದ ಗುಡ್ಡದ ಕಡೆಗೆ ನಾಲ್ಕು ಮೈಲಿ ಹೋದರೆ ಸಿಗುವ ಊರಲ್ಲಿ ಗಾಳೆಪ್ಪನ ಮನೆ ಕೇಳಿದರೆ ‘ಯಾವ ಗಾಳೆಪ್ಪ?’ ಅನ್ನುತ್ತಾರೆ. ಕೊಸೊವೊ ಗಾಳೆಪ್ಪ ಅಂದರೆ ಸಾಕು, ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಾರೆ. ಇಪ್ಪತ್ತೆಂಟು ವರ್ಷ ಕೇಂದ್ರದ ಪೊಲೀಸ್ ಪಡೆಯಲ್ಲಿ ಲಾಠಿ ಹಿಡಿದು, ಹವಾಲ್ದಾರನಾಗಿ ಊರಿಗೆ ಮರಳಿದ ಮನುಷ್ಯ. ಅದರಲ್ಲಿ ಒಂದೇ ಒಂದು ವರ್ಷ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ಕೊಸೊವೊದಲ್ಲಿದ್ದ. ಉಳಿದ ಇಪ್ಪತ್ತೇಳು ವರ್ಷದ ಸುದ್ದಿ ಕೇಳಿದರೆ ಬಾಯಿ ಬಿಡುವುದಿಲ್ಲ. ಆ ಒಂದು ವರ್ಷದ್ದು ಕೇಳದಿದ್ದರೂ ಬಿಡುವುದಿಲ್ಲ!

“ಅಲ್ಲಿ ಮಂದಿ ಸಿಟ್ಟಿಗೆದ್ದು ಚೌಕದಾಗ ಕುಂತ್ರ, ನಾವು ಓಡಿ ಹೋಗಿ ಬಡಿಯಂಗಿಲ್ಲೋ,” ಎಂದು ಅಗಸಿ ಕಟ್ಟೆಯ ಮೇಲೆ ಶುರು ಮಾಡುತ್ತಿದ್ದ. “ಮೊದಲ ಒಬ್ಬಾಂವ ಮೈಕ್ ಹಿಡ್ಕೊಂಡು ಅವರ ಭಾಷಾದಾಗ ಹೇಳ್ತಾನ, ಎದ್ದು ಹೋಗ್ರಿ ಅಂತ. ಬಾಜೂಕ ಇನ್ನೊಬ್ಬ ಗಡಿಯಾರ ನೋಡಿ ಟೈಮ್ ಬರ್ಕೋತಾನ. ಒಂದೀಟ್ ಹೊತ್ತು ಬಿಟ್ಟು ಮತ್ತೊಮ್ಮೆ. ಆಮ್ಯಾಲೆ ಮೂರನೇದ್ದು. ಮಂದಿ ಹೋಗಾಕ ಒಂದ್ ಓಣಿ ಖುಲ್ಲಾ ಬಿಟ್ಟಿರಬೇಕು. ಅಷ್ಟಾದ್ರೂ ಏಳಲಿಲ್ಲಂದ್ರ, ಬಾಣಂತಿನ್ನ ಎತ್ತಿದಂಗ ಕೈಕಾಲು ಹಿಡಿದು ಎತ್ಕೊಂಡು ಹೋಗಿ ಗಾಡ್ಯಾಗ ಕುಂಡ್ರಸೋದು.”

“ಹಂಗಾದ್ರ ನಾನೂ ಅಲ್ಲೇ ಹೋಗಿ ಕುಂಡ್ರತೇನಿ ಬಿಡೋ, ನಡಿಯೋ ತ್ರಾಸರೆ ತಪ್ತೈತಿ,” ಅನ್ನುತ್ತಿದ್ದ ಮೊಣಕಾಲು ನೋವಿನ ಹೊಳೆಯಪ್ಪ. ಕಟ್ಟೆ ತುಂಬ ನಗೆ.

ಅಲ್ಲಿದ್ದವರೆಲ್ಲ ದೇವಮಾನವರು ಅಂತಲ್ಲ. ಕಣ್ಣುರಿಸುವ ಹೊಗೆ ಅಲ್ಲೂ ಇತ್ತು, ಕಲ್ಲು ಅಲ್ಲೂ ಹಾರಿ ಬರುತ್ತಿದ್ದವು. ಆದರೆ ಒಮ್ಮೆ ಜೊತೆಗಾರನೊಬ್ಬ ಸುಮ್ಮನೆ ಕುಳಿತಿದ್ದ ಹುಡುಗನ ತಲೆಗೆ ಲಾಠಿ ಬೀಸಿದ್ದನ್ನು ಗಾಳೆಪ್ಪ ಕಣ್ಣಾರೆ ಕಂಡಿದ್ದ. ಮೇಲಿನವರು ಕೇಳಿದಾಗ ಕಂಡದ್ದನ್ನು ಕಂಡ ಹಾಗೆ ಬರೆದುಕೊಟ್ಟ. ಎಂಟು ದಿನದಲ್ಲಿ ಆ ಜೊತೆಗಾರನನ್ನು ಮನೆಗೆ ಕಳಿಸಿದರು. ಒಬ್ಬ ಹವಾಲ್ದಾರನ ಮಾತಿಗೆ ಅಷ್ಟು ಬೆಲೆ! ಗಾಳೆಪ್ಪನಿಗೆ ಹಿಡಿದ ಹುಚ್ಚು ಅದೇ. ಅಲ್ಲಿಂದ ಬಂದ ಮೇಲೂ ಅದು ಇಳಿಯಲಿಲ್ಲ.

ಅವನ ಅಕ್ಕ ದೇವವ್ವನಿಗೆ ಈ ಕಥೆ ಬಾಯಿಪಾಠವಾಗಿತ್ತು. ತಾಯಿ ಸತ್ತಾಗ ಗಾಳೆಪ್ಪ ನಾಲ್ಕು ವರ್ಷದವನು, ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಗಂಡ ತೀರಿಕೊಂಡ ಮೇಲೆ ತಮ್ಮನ ಪಕ್ಕದ ಮನೆಯಲ್ಲೇ ಒಲೆ ಹೂಡಿ, ಮುಂಡರಗಿಯ ಖಾನಾವಳಿಗೆ ಜೋಳದ ರೊಟ್ಟಿ ಮಾಡಿ ಕಳಿಸುತ್ತಿದ್ದಳು. ದಿನಕ್ಕೆ ಇನ್ನೂರು ರೊಟ್ಟಿ. ಅವಳ ಬಲಗೈ ಹಿಟ್ಟಿನ ಮೇಲೆ ಬಿದ್ದ ಸಪ್ಪಳ ಕೇಳಿಯೇ ಓಣಿಯವರು ಹಾಸಿಗೆ ಬಿಟ್ಟು ಏಳುತ್ತಿದ್ದರು. ನನ್ನ ಪಿಂಚಣಿ ಬರುತ್ತದೆ, ಕೂತು ಉಣ್ಣು ಎಂದು ತಮ್ಮ ಅಂದರೆ, “ಕೈ ಇರೂತನಾ ಇನ್ನೊಬ್ಬರ ಗಂಗಾಳಕ್ಕ ಯಾಕ ಕೈ ಹಾಕಲೋ?” ಅನ್ನುತ್ತಿದ್ದಳು. ಹಟಮಾರಿ ಹೆಂಗಸು.

ಊರ ಪಕ್ಕದಲ್ಲಿ ಜಲ್ಲಿ ಕ್ರಷರ್ ಬಂದ ಮೇಲೆ ಆ ರೊಟ್ಟಿಗೂ ಧೂಳು ಹತ್ತಿತು. ಗುಡ್ಡಕ್ಕೆ ಮದ್ದು ಇಟ್ಟು ಸಿಡಿಸಿದಾಗಲೆಲ್ಲ ಗೋಡೆ ಬಾಯಿ ಬಿಟ್ಟವು. ಶಾಲೆಯ ಮಾಡಿನ ಹೆಂಚು ಒಂದು ದಿನ ಪಾಠದ ನಡುವೆಯೇ ಉದುರಿದವು. ಎರಡು ವರ್ಷ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಊರವರು ರಸ್ತೆ ತಡೆಗೆ ನಿಂತರು. ಈ ಸೀಮೆಯಲ್ಲಿ ರಸ್ತೆ ತಡೆ ಅಂದರೆ ಬರೀ ಘೋಷಣೆ ಕೂಗುವುದಲ್ಲ. ನಡುರಸ್ತೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ, ಹೆಂಗಸರು ಅಲ್ಲೇ ರೊಟ್ಟಿ ಬಡಿದು, ಬಂದವರಿಗೆಲ್ಲ ಉಣ್ಣಲು ಕೊಡಬೇಕು. ಉರಿಯುವ ಒಲೆಯ ಮುಂದೆ ಕೂತ ಹೆಂಗಸಿನ ಮೇಲೆ ಯಾರು ತಾನೇ ಕೈ ಎತ್ತುತ್ತಾರೆ ಎಂಬ ಧೈರ್ಯ.

ರಸ್ತೆ ತಡೆಯ ಹಿಂದಿನ ದಿನ ಕಟ್ಟೆಯಲ್ಲಿ ಸಭೆ ಸೇರಿದಾಗ ಗದಿಗೆವ್ವ ಎದ್ದು ನಿಂತಳು. ರೊಟ್ಟಿ ಬಡಿಯುವ ಹೆಂಗಸರಿಗೆಲ್ಲ ಅವಳೇ ಮುಂದಾಳು. “ಗಾಳೆಪ್ಪಣ್ಣ, ನೀ ಪೊಲೀಸಿನ್ಯಾಗ ಇದ್ದಾಂವ. ಖರೆ ಹೇಳು. ಬಡೀತಾರೇನು?”

ಇಪ್ಪತ್ತೇಳು ವರ್ಷ ಅವನ ನಾಲಗೆಯ ತುದಿಗೆ ಬಂದು ನಿಂತವು. ಎಷ್ಟು ಊರಲ್ಲಿ, ಎಷ್ಟು ಸಲ, ಯಾರೂ ಒಂದು ಮಾತು ಕೂಗಿ ಹೇಳದೆ ಇವನೇ ಲಾಠಿ ಬೀಸಿಕೊಂಡು ನುಗ್ಗಿರಲಿಲ್ಲವೇ? ‘ಬಡೀತಾರವ್ವಾ, ಒಲಿ ಹೂಡಬ್ಯಾಡ್ರಿ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಎದುರಿಗೆ ಇಡೀ ಊರು ಅವನ ಬಾಯಿಯನ್ನೇ ನೋಡುತ್ತ ಕೂತಿತ್ತು. ಇಷ್ಟು ವರ್ಷ ಇವನ ಕಥೆ ಕೇಳಿ ನಕ್ಕ ಜನ, ಮೊದಲ ಸಲ ಆ ಕಥೆಯನ್ನು ಬೇಕು ಅಂತ ಕೇಳುತ್ತಿದ್ದರು. ಹಾಳು ದೊಡ್ಡಸ್ತಿಕೆ!

“ಇಲ್ಲಿ ಕಾಯ್ದೆದಾಗೂ ಐತಿ. ಮೊದಲ ಕೂಗಿ ಹೇಳಬೇಕು. ಮೂರು ಸಲ ಕೂಗ್ತಾರ. ನೀವು ಮೂರನೇದ್ದಕ್ಕ ಎದ್ರ ಸಾಕು,” ಎಂದ.

ಅಷ್ಟಕ್ಕೇ ಬಿಡಲಿಲ್ಲ ಮಹಾರಾಯ. ಶಾಲೆಯ ಬಯಲಿನಲ್ಲಿ ಹೆಂಗಸರನ್ನು ಕೂಡಿಸಿ ತಾಲೀಮು ಮಾಡಿಸಿದ. ಮೊದಲ ಕೂಗಿಗೆ ರೊಟ್ಟಿ ಬೇಯಿಸುವ ಹಂಚು ಒಲೆಯಿಂದ ಕೆಳಗಿಳಿಸಬೇಕು. ಎರಡನೆಯದಕ್ಕೆ ಹಿಟ್ಟು ಗಂಟು ಕಟ್ಟಬೇಕು. ಮೂರನೆಯದಕ್ಕೆ ಎದ್ದು ಎಡಗಡೆಯ ಹೊಲದ ಹಾದಿ ಹಿಡಿಯಬೇಕು. ಯಾರೂ ಓಡಬಾರದು, ಓಡಿದರೆ ಅಟ್ಟಿಸಿಕೊಂಡು ಬರುತ್ತಾರೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರೂ ಎಲ್ಲವನ್ನೂ ಚೊಕ್ಕ ಕಲಿತರು.

ಮರುದಿನ ಮಧ್ಯಾಹ್ನದ ತನಕ ಎಲ್ಲ ಸುಸೂತ್ರ. ಗುರುತಿನ ಪೊಲೀಸರಿಬ್ಬರು ನೆರಳಿಗೆ ನಿಂತು ಇವರದ್ದೇ ರೊಟ್ಟಿ, ಝುಣಕ ಉಂಡರು. ಆಮೇಲೆ ಯಾರೋ ದೊಡ್ಡವರ ಗಾಡಿಗಳು ಅದೇ ರಸ್ತೆಯಲ್ಲಿ ಬರಲಿವೆ ಎಂಬ ಖಬರ ಬಂತು. ಅರ್ಧ ತಾಸಿನಲ್ಲಿ ಎರಡು ವ್ಯಾನು ತುಂಬ ಹೊರಗಿನ ಪೊಲೀಸ್ ತುಕಡಿ ಬಂದು ಇಳಿಯಿತು. ಹೆಲ್ಮೆಟ್ಟಿನೊಳಗೆ ಗುರುತಿನ ಮುಖ ಒಂದೂ ಇರಲಿಲ್ಲ.

ಗಾಳೆಪ್ಪ ಓಡಿಹೋಗಿ ಅವರ ಅಧಿಕಾರಿಗೆ ಸೆಲ್ಯೂಟ್ ಹೊಡೆದ. “ಸಾಹೇಬ್ರ, ಮೊದಲ ಮೈಕಿನ್ಯಾಗ ಹೇಳ್ರಿ. ನಮ್ಮ ಹೆಣ್ಮಕ್ಕಳಿಗೆ ಎಲ್ಲಾ ಕಲಿಸೇನಿ. ಮೂರನೇದ್ದಕ್ಕ ತಾವ ಎದ್ದು ಹೋಗ್ತಾರ್ರಿ.”

“ನೀವೂ ಡಿಪಾರ್ಟ್‌ಮೆಂಟಲ್ಲಿ ಇದ್ದವರಾ? ಒಳ್ಳೇದಾಯ್ತು. ಪಕ್ಕಕ್ಕೆ ನಿಂತ್ಕೊಳ್ಳಿ,” ಅಂದ ಅಧಿಕಾರಿ. ಕೈಗಡಿಯಾರ ನೋಡಿಕೊಂಡ. ಗಾಳೆಪ್ಪನಿಗೆ ಜೀವ ಬಂದಂತಾಯಿತು, ಟೈಮ್ ಬರೆದುಕೊಳ್ಳುತ್ತಾನೆ ಅಂದುಕೊಂಡ.

ಅಧಿಕಾರಿ ಒಂದು ಸೀಟಿ ಊದಿದ.

ಗಂಡಸರಿಗೆ ಅಷ್ಟೇ ಸಾಕಾಯಿತು. ಪೇಟೆ ಕಂಡವರು, ಚಪ್ಪಲಿ ಬಿಟ್ಟು ಓಟ ಕಿತ್ತರು. ಹೆಂಗಸರು ಓಡಲಿಲ್ಲ. ಇದೇ ಮೊದಲನೆಯ ಕೂಗು ಅಂದುಕೊಂಡು, ಕಲಿಸಿದ ಹಾಗೆ, ಹನ್ನೊಂದು ಮಂದಿಯೂ ಹಂಚು ಕೆಳಗಿಳಿಸಿದರು. “ಏಳ್ರಿ! ಓಡ್ರಿ ಯಕ್ಕಾ, ಓಡ್ರಿ!” ಎಂದು ಗಾಳೆಪ್ಪ ಬಾಯಿ ಬಡಕೊಂಡ. ದೇವವ್ವ ಅವನ ಕಡೆ ತಿರುಗಿ ಒಂದು ಬೆರಳು ಎತ್ತಿ ತೋರಿಸಿದಳು. ಇನ್ನೂ ಒಂದೇ ಆಗಿದೆಯಲ್ಲೋ, ಯಾಕೆ ಗಾಬರಿಯಾಗುತ್ತೀ ಅನ್ನುವ ಹಾಗೆ. ಎತ್ತಿದ ಆ ಕೈಯ ಮೇಲೆಯೇ ಮೊದಲ ಏಟು ಬಿತ್ತು.

ಎರಡನೆಯ ಏಟಿಗೆ ಅವಳು ಮುಗ್ಗರಿಸಿ ಬಲಗೈ ಊರಿದ್ದು ಕಾದ ಹಂಚಿನ ಮೇಲೆ. ಗದಿಗೆವ್ವನ ಹೆಗಲ ಎಲುಬು ಮುರಿಯಿತು. ಎಡಗಡೆಯ ಹೊಲದ ಹಾದಿಗೆ ವ್ಯಾನು ಅಡ್ಡ ನಿಂತಿತ್ತು. ಹತ್ತು ನಿಮಿಷದಲ್ಲಿ ರಸ್ತೆ ಖಾಲಿಯಾಗಿ, ದೊಡ್ಡವರ ಗಾಡಿಗಳು ಚೆಲ್ಲಿದ ಹಿಟ್ಟಿನ ಮೇಲೆ ಹಾದು ಹೋದವು.

ದೇವವ್ವನ ಕೈ ಗದಗಿನ ಆಸ್ಪತ್ರೆಯಲ್ಲಿ ಒಂದೂವರೆ ತಿಂಗಳಿಗೆ ಮಾಯಿತು. ಮಾಯಿತು ಅಂದರೆ ಗಾಯ ಮಾಯಿತು, ಅಷ್ಟೇ. ಬೆರಳು ಒಳಕ್ಕೆ ಮಡಚಿ ಸೆಟೆದು ನಿಂತವು, ಅಂಗೈ ಬಿಚ್ಚಲೇ ಇಲ್ಲ. ಖಾನಾವಳಿಯವರು ಬೇರೆ ಕಡೆಯಿಂದ ರೊಟ್ಟಿ ತರಿಸತೊಡಗಿದರು. ಗಾಳೆಪ್ಪ ತಾನೇ ಬಡಿಯಲು ಕೂತ. ಹರಕು ರೊಟ್ಟಿ ನೋಡಿ ಅವಳು, “ಇದೇನ್ ಕೊಸೊವೊದ ನಕಾಶೆ ಏನೋ?” ಎಂದು ನಕ್ಕಳು. ನೀ ಹೇಳಿದ್ದಕ್ಕೆ ಹೀಗಾಯಿತು ಎಂದು ಒಂದು ದಿನವಾದರೂ ಬೈದಿದ್ದರೆ ಅವನು ಅತ್ತು ಹಗುರಾಗುತ್ತಿದ್ದ. ಬೈಯಲಿಲ್ಲ ಪುಣ್ಯಾತ್ಗಿತ್ತಿ.

ಆರು ತಿಂಗಳಿಗೆ ವಿಚಾರಣೆ ಬಂತು. ಕೇಳಬೇಕಾದ ಪ್ರಶ್ನೆ ಒಂದೇ: ಬಲ ಬಳಸುವ ಮೊದಲು ಎಚ್ಚರಿಕೆ ಕೊಟ್ಟಿದ್ದರೋ ಇಲ್ಲವೋ? ತುಕಡಿಯವರು ಮೂರು ಸಲ ಕೊಟ್ಟೆವು ಎಂದು ಬರೆದಿದ್ದರು. ಗಾಳೆಪ್ಪ ನಾಲ್ಕು ಹಾಳೆ ಬರೆದು ಮಡಚಿ ಕಿಸೆಯಲ್ಲಿ ಇಟ್ಟುಕೊಂಡ. ಕಂಡದ್ದು ಕಂಡ ಹಾಗೆ. ಅಲ್ಲಿ ನಂಬಿದರು, ಇಲ್ಲಿ ನಂಬದೆ ಏನು? ಅಕ್ಕನ ಕೈ ಬರುವುದಿಲ್ಲ, ಖರೆ. ಆದರೆ ಅವಳಿಗೆ ಮೋಸವಾಯಿತು ಎಂಬುದಾದರೂ ಸರಕಾರದ ಕಾಗದದಲ್ಲಿ ಉಳಿಯಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ವಿಚಾರಣೆಯ ಹಿಂದಿನ ದಿನ ಊರ ಹಿರಿಯ ನಿಜಲಿಂಗಪ್ಪ ಗೌಡರು ಮನೆಗೆ ಬಂದರು. “ರಸ್ತೆ ತಡದಿದ್ದಕ್ಕ ಮೂವತ್ನಾಕು ಮಂದಿ ಮ್ಯಾಲೆ ಕೇಸ್ ಐತಿ, ಗಾಳೆಪ್ಪ. ಗದಿಗೆವ್ವನ ಹೆಸರ ಮೊದಲ ಐತಿ. ಮೂರು ಸಲ ಕೂಗಿದ್ದು ಕೇಳಿಸ್ತು ಅಂತ ಎಲ್ಲಾರೂ ಅಂದ್ರ, ಕೇಸ್ ವಾಪಸ್ ತಗೀತಾರಂತ. ಮಾತ ಆಗೇತಿ.”

“ನಾ ಸತ್ರೂ ಅನ್ನಾಂಗಿಲ್ರಿ, ಗೌಡ್ರ.”

ಒಳಗೆ ಎಲ್ಲ ಕೇಳಿಸಿಕೊಳ್ಳುತ್ತ ದೇವವ್ವ ಎಡಗೈಯಲ್ಲೇ ಜೋಳ ಹಸನು ಮಾಡುತ್ತಿದ್ದಳು.

ಮುಂಡರಗಿಯ ಸರಕಾರಿ ಕೋಣೆಯೊಂದರಲ್ಲಿ ವಿಚಾರಣೆ. ವಿಚಾರಣೆಯ ಅಧಿಕಾರಿ ಒಳ್ಳೆಯ ಮನುಷ್ಯ. ಎಲ್ಲರಿಗೂ ಚಹಾ ತರಿಸಿದ, ಗಾಳೆಪ್ಪನ ಕೊಸೊವೊ ಪದಕದ ಬಗ್ಗೆ ಪ್ರೀತಿಯಿಂದಲೇ ಕೇಳಿದ. ಹೊಳೆಯಪ್ಪ ಕೇಳಿಸಿತು ಅಂದ. ಗದಿಗೆವ್ವ ನೆಲ ನೋಡುತ್ತ ಕೇಳಿಸಿತು ಅಂದಳು. ಗಾಳೆಪ್ಪ ಅಕ್ಕನ ಸರದಿಗಾಗಿ ಕಾದು ಕೂತ.

“ಕೇಳೀತ್ರಿ,” ಎಂದಳು ದೇವವ್ವ. “ಮೂರು ಸಲ ಕೂಗಿದ್ರು. ಮೊದಲನೇದ್ದಕ್ಕ ಹಂಚು ಇಳಿಸಿದ್ವಿ. ಎರಡನೇದ್ದಕ್ಕ ಹಿಟ್ಟು ಕಟ್ಟಿದ್ವಿ. ಮೂರನೇದ್ದಕ್ಕ ನಾನ ಜಲ್ದಿ ಏಳಲಿಲ್ರಿ. ನಂದ ತಪ್ಪು.”

ಎಷ್ಟು ಚೊಕ್ಕ ಹೇಳಿದಳೆಂದರೆ, ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆದೂಗಿದ. ಸಹಿಗೆ ಬಲಗೈ ಬರಲಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು.

“ನೀವು ಹೇಳಿ ಗಾಳೆಪ್ಪನವರೇ. ಎಚ್ಚರಿಕೆ ಕೊಟ್ಟಿದ್ದು ಕೇಳಿಸ್ತಾ?”

ಕಿಸೆಯಲ್ಲಿ ನಾಲ್ಕು ಹಾಳೆ ಇದ್ದವು. ಅವನ್ನು ಹೊರಗೆ ತೆಗೆದರೆ ಅಕ್ಕ ಸುಳ್ಳುಗಾತಿ, ಮೂವತ್ನಾಲ್ಕು ಮನೆಗೆ ಕೋರ್ಟಿನ ಮೆಟ್ಟಿಲು. ಅಧಿಕಾರಿ ಮತ್ತೊಮ್ಮೆ ಕೇಳಿದ.

“ಕೇಳೀತ್ರಿ, ಸಾಹೇಬ್ರ.”

“ಎಷ್ಟು ಸಲ?”

“ಮೂರು.”

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಊರಿನ ಬಸ್ಸಿಗೆ ಕಾಯುತ್ತ ಕೂತರು. ಗಾಳೆಪ್ಪ ಕೇಳಿದ: “ಯಾಕ ಹಂಗಂದಿ ಯಕ್ಕಾ? ಗದಿಗೆವ್ವಗೋಸ್ಕರೇನು?”

“ಆಕಿಗೋಸ್ಕರನೂ ಹೌದು,” ಎಂದಳು ದೇವವ್ವ. ಸೆಟೆದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಮೂರು ಸಲ ಕೂಗ್ತಾರ ಅಂತ ಊರ ಮುಂದ ಹೇಳಿದ್ದಿ. ನೀ ಸುಳ್ಳ ಹೇಳಿದಿ ಅಂತ ಇನ್ನ ಯಾರೂ ಅನ್ನಾಂಗಿಲ್ಲ. ಸರಕಾರದ ಕಾಗದದಾಗ ಬರಸೇನಿ. ಏಳ ತಮ್ಮಾ, ಬಸ್ ಬಂತು.”