ಅಕ್ಕಾರ ಮೈಯೊಳಗಿನ ಗುಳ್ಳೆಗಳು

ಮಾನ್ಯ ಓದುಗರಲ್ಲಿ ವಿನಂತಿ. ಇದು ನನ್ನ ಮೊದಲ ಬರಹ. ಅಕ್ಷರ ದುಂಡಗಿಲ್ಲ, ಕಾಗುಣಿತದಲ್ಲೂ ಧೈರ್ಯ ಸಾಲದು. ಮೊದಲಿಗೇ ಕ್ಷಮೆ ಕೋರುತ್ತೇನೆ.

ಕಳೆದ ವಾರ ಹುಕ್ಕೇರಿ ಸಂತೆಗೆ ಹೋದಾಗ ದರ್ಜಿ ಅಂಗಡಿಯೊಂದರಿಂದ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಬಂದಿತು. ಮೂಡಲಗಿಯ ನಮ್ಮ ಓಣಿಯಲ್ಲಿ ನನಗೆ ಹೊಲಿಗೆ ಕಲಿಸಿದ ಅಕ್ಕಾರು ನೆನಪಾದರು. ಪತಿ ತೀರಿಕೊಂಡ ಮೇಲೆ ಅವರು ಪತಿಯ ಅಣ್ಣನ ಮನೆಯಲ್ಲಿದ್ದರು. ಹೊಲಿಗೆ ಕಲಿಯುವ ಹುಡುಗಿಯರ ಮುಂದೆ ಬಾಯಿಗೆ ಬಿಡುವಿಲ್ಲದ ಅಕ್ಕಾರು, ಭಾವ ಪಡಸಾಲೆಗೆ ಬಂದರೆ ಸೆರಗೆಳೆದುಕೊಂಡು ಸುಮ್ಮನಾಗುತ್ತಿದ್ದರು. ಭಾವನೊಡನೆ ನೇರವಾಗಿ ಮಾತನಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಒಮ್ಮೆ ಅಕ್ಕಾರಿಗೆ ಎದೆನೋವು ಬಂದು, ಗೋಕಾಕದ ಸ್ಕ್ಯಾನಿಂಗಿನಲ್ಲಿ ಹೃದಯದ ಚಿತ್ರ ಮಸುಕಾಗಿ ಬಂದುದರಿಂದ ದೂರದ ದೊಡ್ಡ ಆಸ್ಪತ್ರೆಗೆ ಕಳುಹಿಸಲಾಯಿತು. ಜೊತೆಗೆ ನಾನೂ ಹೋಗಿದ್ದೆ. ಅಲ್ಲಿ ಹೊಸದೊಂದು ಚುಚ್ಚುಮದ್ದಿನ ಪ್ರಯೋಗ ನಡೆದಿತ್ತು. ಅದರಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ರಕ್ತ ಸೇರಿದರೆ ಚಿತ್ರ ಸ್ಪಷ್ಟವಾಗುತ್ತದೆ. ಒಳಗಿನ ಅನಿಲ ಉಸಿರಿನಲ್ಲಿ ಬೇಗ ಹೋಗುತ್ತದೆ, ಪ್ಲಾಸ್ಟಿಕ್ಕಿನಂಥ ಪಾಲಿಮರಿನ ಸಿಪ್ಪೆ ಮಾತ್ರ ಬಲಪಕ್ಕೆಯೊಳಗಿನ ಯಕೃತ್ತಿನಲ್ಲಿ ಉಳಿದು ನಿಧಾನವಾಗಿ ಕರಗುತ್ತದೆ, ಎಷ್ಟು ನಿಧಾನವೆಂಬುದನ್ನೇ ನೋಡುತ್ತಿದ್ದೇವೆ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ತಿಳಿಸಿದರು. ಏನೇ ತೊಂದರೆಯಾದರೂ ಹೇಳಬೇಕೆಂದರು. ಅಕ್ಕಾರು ಒಪ್ಪಿ ಚುಚ್ಚಿಸಿಕೊಂಡರು. ಫೋನ್ ನಂಬರು ಮಾತ್ರ ಹಿರಿಯರದೇ ಇರಲೆಂದು ಭಾವನದನ್ನು ಕೊಟ್ಟರು.

ಊರಿಗೆ ಬಂದು, “ದೂರ ಕುಂಡರ್ರೆ, ನನ್ನ ಮೈಯಾಗ ಸೋಡಾ ಬಾಟ್ಲಿ ಐತಿ,” ಎಂದು ಹುಡುಗಿಯರನ್ನು ನಗಿಸಿದರು. ಕೆಲವು ವಾರಗಳ ನಂತರ ಬಲಪಕ್ಕೆಯನ್ನು ಒತ್ತಿಕೊಂಡು ಹೊಲಿಯತೊಡಗಿದರು...

ಆಸ್ಪತ್ರೆಯಿಂದ ಫೋನು ಬಂದಾಗಲೆಲ್ಲ ಭಾವ ಪಡಸಾಲೆಯಿಂದ ಗಟ್ಟಿಯಾಗಿ, “ಆರಾಮ ಅದಾಳ್ರಿ. ಏನೂ ತ್ರಾಸ ಇಲ್ರಿ,” ಎನ್ನುತ್ತಿದ್ದರು. ಅದು ಸುಳ್ಳಲ್ಲ, ಪಕ್ಕೆನೋವಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಬಾಗಿಲ ಹಿಂದೆ ಅಕ್ಕಾರ ಯಂತ್ರ ನಿಲ್ಲುತ್ತಿತ್ತು.

“ನಾನರ ಹೇಳ್ಲೇನ್ರಿ ಅಕ್ಕಾರ?” ಎಂದೆ.

“ಬ್ಯಾಡವಾ. ಭಾವಾರು ಆರಾಮ ಅಂದಾರ. ಈಗ ಇಲ್ಲಂದ್ರ ಅವ್ರ ಮಾತಿಗೆ ಏನ ಕಿಮ್ಮತ್ತು? ಯಾರ ಮುಂದೂ ಹೇಳಬ್ಯಾಡ, ನನ್ನಾಣಿ ಐತಿ.” ಆಮೇಲೆ ದನಿ ತಗ್ಗಿಸಿ ಕೇಳಿದರು: “ಆ ಗುಳ್ಳಿ ಹೊರಗ ಹೋಗಿರ್ತಾವಲ್ಲ?”

ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ.

ತಪಾಸಣೆಗೆ ಕರೆದಾಗಲೂ ಭಾವ, ಆರಾಮಿದ್ದವಳಿಗೆ ಆಸ್ಪತ್ರೆ ಏಕೆಂದು ಕಳುಹಿಸಲಿಲ್ಲ. ಒಂದು ಬೆಳಿಗ್ಗೆ ಅಕ್ಕಾರು ಏಳಲಿಲ್ಲ. ಹೃದಯವೋ, ಗುಳ್ಳೆಗಳೋ, ಬೇರೇನೋ... ಯಾರೂ ಪರೀಕ್ಷಿಸಲಿಲ್ಲ. ಗುಳ್ಳೆಗಳೇ ಕಾರಣವೆಂದು ಬರೆಯುವ ಅಧಿಕಾರ ನನಗಿಲ್ಲ. ಅಲ್ಲವೆಂದು ಬರೆಯಲೂ ಕೈ ಬಾರದು. ಮುಂದಿನ ಫೋನಿಗೂ ಭಾವ ಅಳುತ್ತಲೇ, “ಏನೂ ತ್ರಾಸ ಇರಲಿಲ್ರಿ,” ಎಂದರು. ವೈದ್ಯರು ಆ ಉತ್ತರವನ್ನೇ ನಂಬಿ ಆ ಚುಚ್ಚುಮದ್ದಿಗೆ ಇನ್ನೊಬ್ಬರಿಗೆ ಧೈರ್ಯ ಹೇಳುವರೇನೋ ಎಂಬ ಭಯ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಈಗ ಭಾವನಿಗೆ ವಯಸ್ಸಾಗಿದೆ. ನಾನು ತವರಿಗೆ ಹೋದಾಗಲೆಲ್ಲ ಕಟ್ಟೆಯಿಂದ ಕರೆದು ಕೇಳುತ್ತಾರೆ: “ಖರೆ ಹೇಳವಾ, ಅಕಿ ನಿನ್ನ ಮುಂದ ಏನರ ಅಂದಿದ್ಲೇನು?”

ಅಕ್ಕಾರಿಲ್ಲ, ಅವರ ಆಣೆ ಮಾತ್ರ ಉಳಿದಿದೆ. ಆದರೆ ಅವರು ಬೇಡವೆಂದದ್ದು ಹೇಳುವುದನ್ನು, ಬರೆಯುವುದನ್ನಲ್ಲ. ಭಾವನಿಗೆ ಓದಲು ಬರುತ್ತದೆ. ಆದುದರಿಂದ ಈ ಹಾಳೆ ಅವರ ಕೈ ಸೇರುವ ಮುನ್ನ, ಇದರಲ್ಲಿ ಎಲ್ಲಿ ತಪ್ಪಿದ್ದೇನೋ ಅಲ್ಲಿ ದಯಮಾಡಿ ತಿದ್ದಿಕೊಡಬೇಕಾಗಿ ಪ್ರಾರ್ಥನೆ.