ಮುಖಪುಟದಲ್ಲಿ ಮರಳವಾಡಿ ಬಸ್ಸು

ಬಿಡದಿಯ ನಮ್ಮ ಕಾರ್ಖಾನೆಯಲ್ಲಿ ಕಾರ್ಮಿಕರಿಗೆಂದು ಮಾಡಿದ ವೆಬ್ ಪೋರ್ಟಲಿನ ಸರ್ವರ್ ನೋಡಿಕೊಳ್ಳುತ್ತಿದ್ದವರೊಬ್ಬರು ಪ್ರತಿ ಬದಲಾವಣೆಗೂ ಅದನ್ನು ನಿಲ್ಲಿಸಿ, ಮತ್ತೆ ಶುರು ಮಾಡಿ, ಅಂಗೈ ಉಜ್ಜಿಕೊಳ್ಳುತ್ತಿದ್ದರು. “ಒಸಿ ತಡೀರಿ, ಎದ್ದೇಳ್ತೈತೆ” ಎನ್ನುತ್ತಿದ್ದರು, ಮಲಗಿದ ಎತ್ತಿನ ಬಗ್ಗೆ ಹೇಳುವವರ ಹಾಗೆ.

ಕಾರ್ಮಿಕರು ಬಳಸದಿದ್ದರೆ ಪೋರ್ಟಲನ್ನೇ ಮುಚ್ಚಿಸುತ್ತೇನೆಂದು ಮ್ಯಾನೇಜರು ಹೇಳಿದ್ದರು. ಆರಂಭದ ದಿನ ಗೇಟಿನ ಕಂಪ್ಯೂಟರಿನಲ್ಲಿ ಒಬ್ಬ ಲಾಗಿನ್ ಆದ. ಮುಖಪುಟದ ಮೇಲುಗಡೆಯೇ ಅವನ ಶಿಫ್ಟು, ಅವನೂರಿನ ಬಸ್ಸಿನ ಸಮಯ.

“ಲೇ, ನಮ್ ಮರಳವಾಡಿ ಬಸ್ಸು ಐತೆ ಕಣ್ಲಾ ಇದ್ರಲ್ಲಿ.”

ಗುಡೇಮಾರನಹಳ್ಳಿಯವನೊಬ್ಬ ಅವನನ್ನು ಸರಿಸಿ ಲಾಗಿನ್ ಆದ. ತನ್ನೂರಿನ ಬಸ್ಸು ಕಂಡಿತು. ಜನ ಮುತ್ತಿದರು. ಪುಟಗಳನ್ನು ಮಾಡಿದ್ದ ನನಗಂತೂ ಕುಣಿಯುವಂತಾಯಿತು.

ಮ್ಯಾನೇಜರು ಹಿಂದಿನಿಂದ ಇಣುಕಿದರು. “ಮೇಲೆ ನನ್ನ ಫೋಟೋ ಇರಬೇಕಿತ್ತಲ್ಲ?”

ಸರ್ವರಿನವರು ಅಂಗೈ ಉಜ್ಜಿದರು. “ಒಸಿ ತಡೀರಿ ಸಾರ್, ಕೆಳಗಡೆ ಐತೆ. ಮೊದ್ಲು ಬಸ್ ನೋಡ್ಕಳ್ಲಿ.”